ಮಟಮಾರಿ ದಾಟಿ ಹೋಗುವ ಮೇಣದ ಬಿಲ್ಲೆ: ಒಂದು ಆಂಟಿಬಾಡಿಯ ಚರಿತ್ರೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

 

ಇವತ್ತಿನ ಕಥೆಯನ್ನ ಒಂದು ರೈಲಿನಿಂದ ಶುರು ಮಾಡೋಣ. ರಾಯಚೂರಿನಿಂದ ಗುಂತಕಲ್ ಕಡೆ ಹೋಗೋ ಗಾಡಿ ಹತ್ತಿದ್ರೆ, ಊರು ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ಮಟಮಾರಿ ಅನ್ನೋ ಸಣ್ಣ ಸ್ಟೇಷನ್ ಬರುತ್ತೆ. ಅದಾದ ಮೇಲೆ ತುಂಗಭದ್ರೆ, ಆಮೇಲೆ ಮಂತ್ರಾಲಯಂ ರೋಡ್. ಈ ಹಳಿಗೆ ವಯಸ್ಸಾಗಿದೆ. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ 1871ರಲ್ಲಿ ರಾಯಚೂರಲ್ಲೇ ಕೂಡಿದ್ದು. ಇವತ್ತು ಮುಂಬೈಯಿಂದ ಬೆಂಗಳೂರಿಗೆ ಹೋಗೋ ಉದ್ಯಾನ್ ಎಕ್ಸ್‌ಪ್ರೆಸ್ ಕೂಡ ಮಟಮಾರಿ ಮುಂದಿನಿಂದಲೇ ಓಡುತ್ತೆ.

ಈಗ ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಆ ಗಾಡಿಯಲ್ಲಿ ಒಬ್ಬ ಹುಡುಗ, ಪಕ್ಕದಲ್ಲಿ ಅವನ ಅವ್ವ. ಅವ್ವನ ಎದೆಯಲ್ಲಿ ಒಂದು ಗಂಟು. ಊರ ಕಡೆ ಬಯಾಪ್ಸಿ ಆಗಿದೆ, ಮುಂದಿನ ಪರೀಕ್ಷೆಗೆ ಬೆಂಗಳೂರಿಗೆ ಹೊರಟಿದ್ದಾರೆ. ಹುಡುಗನ ಬ್ಯಾಗಲ್ಲಿ ಫೈಲು, ಸ್ಕ್ಯಾನ್, ಮತ್ತೆ ಒಂದು ಸಣ್ಣ ಪ್ಲಾಸ್ಟಿಕ್ ಕವರು. ಕವರಿನೊಳಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಮೇಣದ ಬಿಲ್ಲೆ. ಆಸ್ಪತ್ರೆಯವರು ಅದಕ್ಕೆ ‘ಬ್ಲಾಕ್’ ಅಂತಾರೆ.

‘ಇದರಾಗ ಏನದ ಯಪ್ಪಾ?’ ಅಂತ ಅವ್ವ ಕೇಳಿದ್ರೆ ಹುಡುಗ ಏನು ಹೇಳ್ಬೇಕು? ಆ ಮೇಣದೊಳಗೆ ಇರೋದು ಅವಳದೇ ಗಂಟಿನ ಒಂದು ಚೂರು. ಅವಳು ಮುಂದಿನ ಐದು ವರ್ಷ ಒಂದು ಮಾತ್ರೆ ನುಂಗಬೇಕೋ ಬೇಡವೋ ಅನ್ನೋ ತೀರ್ಮಾನ ಆ ಚೂರಿನ ಮೇಲೆ ನಿಂತಿದೆ. ಚೂರಿಗೆ ಮಾತು ಬರಲ್ಲ. ಅದರ ಪರವಾಗಿ ಸಾಕ್ಷಿ ಹೇಳೋದು ಒಂದು ಆಂಟಿಬಾಡಿ. ಚೂರಿನೊಳಗೆ ಒಂದು ನಿರ್ದಿಷ್ಟ ಪ್ರೋಟೀನ್ ಇದ್ರೆ ಆ ಜಾಗ ಕಂದು ಬಣ್ಣಕ್ಕೆ ತಿರುಗುತ್ತೆ. ಇಲ್ಲದಿದ್ರೆ ಇಲ್ಲ.

ಆ ಸಾಕ್ಷಿ ಹುಟ್ಟಿದ್ದು ಹೇಗೆ? ಅದರ ಮಾತನ್ನ ನಾವು ಯಾವಾಗ ನಂಬಬೇಕು, ಯಾವಾಗ ನಂಬಬಾರದು? ಇವತ್ತಿನ ಸಂಚಿಕೆ ಇದರ ಬಗ್ಗೆ.

ಮೊದಲು ಪ್ರಾಣಿಗಳ ರಕ್ತ

ಆಂಟಿಬಾಡಿ ಅನ್ನೋ ಪದ ಕೊರೊನಾ ಕಾಲದಲ್ಲಿ ಎಲ್ಲರ ಬಾಯಿಗೂ ಬಂತು. ನಮ್ಮ ಮೈಯೊಳಗೆ ಹೊರಗಿನದ್ದೇನೋ ನುಗ್ಗಿದ್ರೆ ಅದನ್ನ ಗುರುತು ಹಿಡಿದು ಅಂಟಿಕೊಳ್ಳೋ ಪ್ರೋಟೀನ್ ಅದು. ಆಕಾರ ಇಂಗ್ಲಿಷಿನ ವೈ ಅಕ್ಷರದ ಥರ. ಆ ಕವಲಿನ ಎರಡು ತುದಿಗಳೇ ಅದರ ಕೈಗಳು. ಒಂದು ಆಂಟಿಬಾಡಿಯ ಕೈಗೆ ಒಂದೇ ಬಗೆಯ ಗುರುತು ಹಿಡಿಯೋಕೆ ಬರುತ್ತೆ. ಕನಿಷ್ಠ ಹಾಗಂತ ನಮ್ಮ ನಿರೀಕ್ಷೆ. ಈ ‘ನಿರೀಕ್ಷೆ’ ಅನ್ನೋ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಇದು ಮತ್ತೆ ಬರುತ್ತೆ.

1890ರಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಾಸಾಟೊ ಶಿಬಾಸಬುರೊ ಒಂದು ಸಂಗತಿ ತೋರಿಸಿದ್ರು. ಧನುರ್ವಾಯು ರೋಗದ ವಿಷವನ್ನ ತಾಳಿಕೊಂಡು ಬದುಕಿದ ಪ್ರಾಣಿಯ ರಕ್ತದ ತಿಳಿನೀರನ್ನ ಇನ್ನೊಂದು ಪ್ರಾಣಿಗೆ ಕೊಟ್ರೆ ಅದಕ್ಕೂ ರಕ್ಷಣೆ ಸಿಗುತ್ತೆ. ಡಿಫ್ತೀರಿಯಾಕ್ಕೂ ಹೀಗೇ. ಮುಂದೆ ಕುದುರೆಗಳ ರಕ್ತದಿಂದ ಈ ಸೀರಮ್ಮನ್ನ ದೊಡ್ಡ ಮಟ್ಟದಲ್ಲಿ ತಯಾರಿಸಿದ್ರು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬೆಹ್ರಿಂಗ್‌ಗೆ ಬಂತು.

ಅಲ್ಲಿವರೆಗೆ ಆಂಟಿಬಾಡಿ ಅಂದ್ರೆ ಔಷಧಿ. ಅದನ್ನ ನೋಡೋ ಕಣ್ಣನ್ನಾಗಿ ಮಾಡಿದವರಲ್ಲಿ ಮೊದಲಿಗರು ಅಮೆರಿಕದ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್. 1941ರಲ್ಲಿ ಅವರು ಆಂಟಿಬಾಡಿಗೆ ಹೊಳೆಯೋ ಬಣ್ಣವೊಂದನ್ನ ಕಟ್ಟಿದ್ರು. ಆಂಟಿಬಾಡಿ ಎಲ್ಲಿ ಅಂಟಿಕೊಳ್ಳುತ್ತೋ ಅಲ್ಲಿ ಮೈಕ್ರೋಸ್ಕೋಪಿನಲ್ಲಿ ಬೆಳಕು. ಕತ್ತಲಲ್ಲಿ ಯಾರದೋ ಬೆನ್ನಿಗೆ ಟಾರ್ಚ್ ಕಟ್ಟಿ ಬಿಟ್ಟ ಹಾಗೆ. ಜೀವಕೋಶದೊಳಗೆ ಬೇಕಾದ ಒಂದೇ ಒಂದು ಪದಾರ್ಥ ಎಲ್ಲಿದೆ ಅಂತ ಕಣ್ಣಾರೆ ನೋಡೋ ದಾರಿ ಹೀಗೆ ತೆರೀತು.

ಐದೇ ಜನ ಕೂತು ಕೇಳಿದ ಭಾಷಣ

ಈಗ ಅವ್ವನ ಚೂರಿನೊಳಗೆ ನಾವು ಹುಡುಕ್ತಿರೋ ಪ್ರೋಟೀನಿನ ಕಡೆ ಬರೋಣ. ಅದರ ಹೆಸರು ಈಸ್ಟ್ರೋಜನ್ ರಿಸೆಪ್ಟರ್. ರಿಪೋರ್ಟಿನಲ್ಲಿ ಎರಡೇ ಅಕ್ಷರ ಇರುತ್ತೆ: ಇಆರ್.

1896ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾರ್ಜ್ ಬೀಟ್ಸನ್ ಅನ್ನೋ ಸರ್ಜನ್ ಒಂದು ವಿಚಿತ್ರ ವರದಿ ಕೊಟ್ರು. ಸ್ತನ ಕ್ಯಾನ್ಸರ್ ಇದ್ದ ಮಹಿಳೆಯ ಅಂಡಾಶಯ ತೆಗೆದ್ರೆ ಎದೆಯ ಗಡ್ಡೆ ಕುಗ್ಗಿತ್ತು. ಎಲ್ಲಿಯ ಅಂಡಾಶಯ, ಎಲ್ಲಿಯ ಗಡ್ಡೆ! ಆದ್ರೆ ಮುಂದಿನ ದಶಕಗಳಲ್ಲಿ ಇನ್ನೊಂದು ಸತ್ಯ ಹೊರಬಂತು. ಈ ಆಪರೇಷನ್ ಉಪಯೋಗಕ್ಕೆ ಬರ್ತಿದ್ದದ್ದು ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ. ಉಳಿದ ಇಬ್ಬರಿಗೆ ಸುಮ್ಮನೆ ಕೊಯ್ತ, ಸುಮ್ಮನೆ ನೋವು. ಆ ಒಬ್ಬರು ಯಾರು ಅಂತ ಮೊದಲೇ ತಿಳಿಯೋಕೆ ದಾರಿ ಇರಲಿಲ್ಲ.

ದಾರಿ ಸಿಕ್ಕಿದ್ದು ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಎಲ್ವುಡ್ ಜೆನ್ಸನ್ ಅನ್ನೋ ರಸಾಯನ ವಿಜ್ಞಾನಿ, ಹರ್ಬರ್ಟ್ ಜೇಕಬ್ಸನ್ ಜೊತೆ ಸೇರಿ ಈಸ್ಟ್ರೋಜನ್ ಹಾರ್ಮೋನಿಗೆ ವಿಕಿರಣಶೀಲ ಗುರುತು ಹಾಕಿ ಪ್ರಾಣಿಗಳಿಗೆ ಕೊಟ್ರು. ಹಾರ್ಮೋನು ರಕ್ತದ ಜೊತೆ ಮೈತುಂಬ ಓಡಾಡಿದ್ರೂ ಗರ್ಭಕೋಶದಂಥ ಕೆಲವೇ ಅಂಗಗಳಲ್ಲಿ ಉಳ್ಕೊಳ್ತಿತ್ತು. ಅಂದ್ರೆ ಅಲ್ಲಿ ಅದನ್ನ ಹಿಡಿದು ಕೂರಿಸಿಕೊಳ್ಳೋದು ಏನೋ ಇದೆ. 1958ರಲ್ಲಿ ಜೆನ್ಸನ್ ವಿಯೆನ್ನಾದ ಸಮ್ಮೇಳನದಲ್ಲಿ ಇದನ್ನ ಮಂಡಿಸಿದಾಗ ಹಾಲ್‌ನಲ್ಲಿ ಇದ್ದದ್ದು ಐದೇ ಜನ, ಅವರಲ್ಲೂ ಮೂವರು ತಮ್ಮ ಸರದಿಗೆ ಕಾಯ್ತಿದ್ದ ಭಾಷಣಕಾರರು ಅಂತ ಅವರೇ ಹೇಳ್ಕೊಳ್ತಿದ್ರು. ನಿಮ್ಮ ರೀಲ್ಸ್‌ಗೆ ಐದೇ ವ್ಯೂಸ್ ಬಂತು ಅಂತ ಬೇಜಾರಾದಾಗ ಇದನ್ನ ನೆನಪಿಸ್ಕೊಳ್ಳಿ. 2004ರಲ್ಲಿ ಇದೇ ಜೆನ್ಸನ್‌ಗೆ ಲಾಸ್ಕರ್ ಪ್ರಶಸ್ತಿ ಬಂತು.

ಈ ಪ್ರೋಟೀನ್ ಮಾಡೋ ಕೆಲಸ ಏನು? ನಮ್ಮ ಜೀವಕೋಶದೊಳಗೆ ಡಿಎನ್‌ಎ ಇದೆ, ಅದರಲ್ಲಿ ಸಾವಿರಾರು ಜೀನ್‌ಗಳಿವೆ. ಎಲ್ಲ ಜೀನ್‌ಗಳೂ ಯಾವಾಗ್ಲೂ ಕೆಲಸ ಮಾಡಲ್ಲ. ಯಾವುದನ್ನ ಯಾವಾಗ ಆನ್ ಮಾಡ್ಬೇಕು, ಯಾವಾಗ ಆಫ್ ಮಾಡ್ಬೇಕು ಅಂತ ನೋಡಿಕೊಳ್ಳೋಕೆ ಕೆಲವು ಪ್ರೋಟೀನ್‌ಗಳಿವೆ. ಕಾಲುವೆಯ ತೂಬು ಎತ್ತೋ ನೀರುಗಂಟಿ ಇದ್ದಾನಲ್ಲ, ಅವನ ಥರ. ಯಾರ ಹೊಲಕ್ಕೆ ಎಷ್ಟು ನೀರು ಅನ್ನೋದು ಅವನ ಕೈಯಲ್ಲಿ. ಈಸ್ಟ್ರೋಜನ್ ಬಂದು ಈ ರಿಸೆಪ್ಟರಿಗೆ ಕೂತ್ಕೊಂಡ್ರೆ, ರಿಸೆಪ್ಟರ್ ಡಿಎನ್‌ಎ ಮೇಲೆ ಹೋಗಿ ಬೆಳವಣಿಗೆಯ ಜೀನ್‌ಗಳ ತೂಬು ಎತ್ತುತ್ತೆ. ಕೆಲವು ಗಡ್ಡೆಗಳು ಇದೇ ನೀರು ಕುಡಿದು ಬೆಳೀತವೆ. ಇನ್ನು ಕೆಲವು ಗಡ್ಡೆಗಳಿಗೆ ಈ ನೀರೇ ಬೇಕಿಲ್ಲ. ಬೀಟ್ಸನ್‌ನ ‘ಮೂವರಲ್ಲಿ ಒಬ್ಬರು’ ಯಾಕೆ ಅನ್ನೋದಕ್ಕೆ ಉತ್ತರ ಇದೇ.

ಅಷ್ಟರಲ್ಲಿ ಟಮಾಕ್ಸಿಫೆನ್ ಅನ್ನೋ ಮಾತ್ರೆ ಬಂತು. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಇದನ್ನ 1962ರಲ್ಲಿ ಗರ್ಭನಿರೋಧಕ ಹುಡುಕೋ ಕೆಲಸದಲ್ಲಿ ತಯಾರಿಸಿದ್ರು. ಆ ಕೆಲಸಕ್ಕೆ ಅದು ಬರಲಿಲ್ಲ. ಆದ್ರೆ ಈಸ್ಟ್ರೋಜನ್ ಕೂರೋ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತೆ, ಎದೆಯ ಗಡ್ಡೆಯಲ್ಲಿ ತೂಬು ಏಳೋಕೆ ಬಿಡಲ್ಲ. 1970ರ ದಶಕದಲ್ಲಿ ಇದು ಸ್ತನ ಕ್ಯಾನ್ಸರಿನ ಔಷಧಿ ಆಯ್ತು. ಇಆರ್ ಇರೋ ರೋಗಿಗಳು ಐದು ವರ್ಷ ಇದನ್ನ ನುಂಗಿದ್ರೆ ಮುಂದಿನ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ಆಗೋ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗುತ್ತೆ ಅಂತ ಹಲವು ಪ್ರಯೋಗಗಳನ್ನ ಒಟ್ಟು ಸೇರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳ್ತು. ಇಆರ್ ಇಲ್ಲದವರಿಗೆ ಮಾತ್ರೆಯಿಂದ ಲಾಭ ಇಲ್ಲ.

ಹಾಗಾಗಿ ಪ್ರಶ್ನೆ ಒಂದೇ: ಇಆರ್ ಇದೆಯೋ, ಇಲ್ಲವೋ?

ಜೆನ್ಸನ್ ಕಾಲದ ಪರೀಕ್ಷೆಗೆ ವಿಕಿರಣಶೀಲ ಹಾರ್ಮೋನು ಬೇಕಿತ್ತು. ಗಡ್ಡೆಯ ಸಾಕಷ್ಟು ದೊಡ್ಡ ತುಂಡು ಬೇಕಿತ್ತು, ಅದನ್ನ ತೆಗೆದ ಕೂಡ್ಲೇ ಗಡ್ಡೆಗಟ್ಟಿಸಿ ಫ್ರೀಜ್‌ನಲ್ಲಿ ಕಾಪಾಡಬೇಕಿತ್ತು. ಷಿಕಾಗೊದಲ್ಲಿ ಇದು ನಡೆಯುತ್ತೆ. ರಾಯಚೂರಿನ ಬಿಸಿಲಲ್ಲಿ, ಬೆಂಗಳೂರಿಗೆ 400 ಕಿಲೋಮೀಟರಿಗೂ ಹೆಚ್ಚು ದೂರ ಇರೋ ಊರಲ್ಲಿ ಹೇಗೆ ನಡೆಯುತ್ತೆ?

ಸಾಯದ ಕೋಶ

ಇಲ್ಲಿ ಆಂಟಿಬಾಡಿ ಬೇಕಾಯ್ತು. ಆದ್ರೆ ಒಂದು ತೊಡಕಿತ್ತು. ಮೊಲಕ್ಕೋ ಮೇಕೆಗೋ ಒಂದು ಪ್ರೋಟೀನ್ ಚುಚ್ಚಿದ್ರೆ ಅದರ ರಕ್ತದಲ್ಲಿ ಒಂದೇ ಬಗೆಯ ಆಂಟಿಬಾಡಿ ಬರಲ್ಲ, ನೂರಾರು ಬಗೆಯ ಆಂಟಿಬಾಡಿಗಳ ಸಂತೆಯೇ ಬರುತ್ತೆ. ಇನ್ನೊಂದು ಮೊಲಕ್ಕೆ ಚುಚ್ಚಿದ್ರೆ ಬೇರೆಯದೇ ಸಂತೆ. ಮೊಲ ಸತ್ತ ದಿನ ಆ ಆಂಟಿಬಾಡಿಯ ಕಥೆಯೂ ಮುಗೀತು.

1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಇದಕ್ಕೆ ಉಪಾಯ ಕಂಡುಹಿಡಿದ್ರು. ಇಲಿಯ ಗುಲ್ಮದಿಂದ ಆಂಟಿಬಾಡಿ ತಯಾರಿಸೋ ಕೋಶ ತಗೊಂಡ್ರು. ಅದಕ್ಕೆ ಬೇಕಾದ ವಿದ್ಯೆ ಗೊತ್ತು, ಆಯಸ್ಸು ಮಾತ್ರ ಕಡಿಮೆ. ಇನ್ನೊಂದು ಕಡೆಯಿಂದ ಕ್ಯಾನ್ಸರ್ ಕೋಶ ತಗೊಂಡ್ರು. ಅದಕ್ಕೆ ಸಾವೇ ಗೊತ್ತಿಲ್ಲ. ಎರಡನ್ನೂ ಕೂಡಿಸಿದ್ರು. ಹುಟ್ಟಿದ ಮಿಶ್ರ ಕೋಶ ಒಂದೇ ಬಗೆಯ ಆಂಟಿಬಾಡಿಯನ್ನ ತಯಾರಿಸ್ತಾನೇ ಹೋಗುತ್ತೆ. ಅದರ ಹೆಸರು ಹೈಬ್ರಿಡೋಮಾ, ಅದು ಕೊಡೋದು ಮೊನೊಕ್ಲೋನಲ್ ಆಂಟಿಬಾಡಿ.

ಹತ್ತಿ ಬೆಳೆಯೋ ನಮ್ಮ ಕಡೆಯವರಿಗೆ ಹೈಬ್ರಿಡ್ ಅನ್ನೋ ಪದ ಹೊಸದಲ್ಲ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಬಂದದ್ದು 1972ರಲ್ಲಿ, ಇದಕ್ಕೆ ಮೂರೇ ವರ್ಷ ಮೊದಲು. ಒಂದು ವ್ಯತ್ಯಾಸ ಇದೆ. ಹೈಬ್ರಿಡ್ ಹತ್ತಿಯ ಬೀಜವನ್ನ ರೈತ ಪ್ರತಿವರ್ಷ ಹೊಸದಾಗಿ ಕೊಳ್ಳಬೇಕು. ಹೈಬ್ರಿಡೋಮಾಗೆ ಹಾಗಿಲ್ಲ. ಫ್ರೀಜರ್‌ನಲ್ಲಿ ಇಟ್ಟು, ಬೇಕಾದಾಗ ತೆಗೆದು ಬೆಳೆಸಬಹುದು. ಇಬ್ಬರಿಗೂ 1984ರಲ್ಲಿ ನೀಲ್ಸ್ ಯೆರ್ನೆ ಜೊತೆ ನೊಬೆಲ್ ಬಂತು. ಈ ವಿಧಾನಕ್ಕೆ ಪೇಟೆಂಟ್ ತಗೊಂಡಿರಲಿಲ್ಲ, ಹಾಗಾಗಿ ಜಗತ್ತಿನ ಲ್ಯಾಬುಗಳೆಲ್ಲ ಅದನ್ನ ಬಳಸಿದವು. ಕ್ಯಾನ್ಸರ್ ಕೋಶದ ಸಾಯದ ಗುಣವನ್ನೇ ತಗೊಂಡು ಕ್ಯಾನ್ಸರ್ ಹಿಡಿಯೋ ಸಾಧನ ಮಾಡಿದ್ರು ಅನ್ನೋದು ಈ ಕಥೆಯ ಸೊಗಸು.

1980ರಲ್ಲಿ ಜೆನ್ಸನ್ ಜೊತೆ ಕೆಲಸ ಮಾಡ್ತಿದ್ದ ಜೆಫ್ರಿ ಗ್ರೀನ್ ಮತ್ತು ತಂಡ ಮನುಷ್ಯರ ಇಆರ್ ಹಿಡಿಯೋ ಮೊನೊಕ್ಲೋನಲ್ ಆಂಟಿಬಾಡಿಗಳನ್ನ ತಯಾರಿಸಿದ್ರು. ಅದಕ್ಕೆ ಬೇಕಾದ ಪ್ರೋಟೀನ್ ಎಲ್ಲಿಂದ ಬಂತು ಗೊತ್ತಾ? ಎಂಸಿಎಫ್-7 ಅನ್ನೋ ಕೋಶಗಳಿಂದ. ಅಮೆರಿಕದಲ್ಲಿ 1970ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ಒಬ್ಬ ಕ್ರೈಸ್ತ ಸನ್ಯಾಸಿನಿಯ ಮೈಯಿಂದ ತೆಗೆದ ಕೋಶಗಳವು. ಹೆಸರಿನ ಮೊದಲ ಭಾಗ ಮಿಷಿಗನ್ ಕ್ಯಾನ್ಸರ್ ಫೌಂಡೇಷನ್, ಏಳು ಅಂದ್ರೆ ಏಳನೇ ಪ್ರಯತ್ನ. ಅವರು ಹೋಗಿ ಅರ್ಧ ಶತಮಾನ ದಾಟಿದ್ರೂ ಆ ಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೀತಾನೇ ಇವೆ.

ಈ ಆಂಟಿಬಾಡಿಗಳ ಸಹಾಯದಿಂದಲೇ 1985–86ರಲ್ಲಿ ಇಆರ್‌ನ ಜೀನ್ ಕೂಡ ಸಿಕ್ಕಿತು.

ಕುಕ್ಕರ್ ಸೀಟಿ ಹೊಡೆದಾಗ

ಇನ್ನೊಂದು ಅಡ್ಡಿ ಉಳಿದಿತ್ತು. ಆಸ್ಪತ್ರೆಗಳಲ್ಲಿ ಗಡ್ಡೆಯ ಚೂರನ್ನ ಕೆಡದಂತೆ ಇಡೋಕೆ ಫಾರ್ಮಲಿನ್‌ನಲ್ಲಿ ಹಾಕ್ತಾರೆ, ಆಮೇಲೆ ಮೇಣದಲ್ಲಿ ಕೂರಿಸ್ತಾರೆ. ಫಾರ್ಮಲಿನ್ ಏನು ಮಾಡುತ್ತೆ ಅಂದ್ರೆ ಪ್ರೋಟೀನ್‌ಗಳನ್ನ ಒಂದಕ್ಕೊಂದು ಹೆಣೆದುಬಿಡುತ್ತೆ. ಆಂಟಿಬಾಡಿ ಹಿಡಿಯಬೇಕಾದ ಗುರುತು ಆ ಹೆಣಿಗೆಯೊಳಗೆ ಮುಚ್ಚಿಹೋಗುತ್ತೆ.

1991ರಲ್ಲಿ ಅಮೆರಿಕದಲ್ಲಿ ಷಾನ್-ರಾಂಗ್ ಶಿ ಮತ್ತು ಸಂಗಡಿಗರು ಒಂದು ಸರಳ ದಾರಿ ತೋರಿಸಿದ್ರು: ಸ್ಲೈಡನ್ನ ನೀರಿನಂಥ ದ್ರಾವಣದಲ್ಲಿಟ್ಟು ಕುದಿಸಿ. 1940ರ ದಶಕದ ರಸಾಯನಶಾಸ್ತ್ರದ ಹಳೇ ಪ್ರಬಂಧಗಳಲ್ಲಿ, ಹೆಚ್ಚು ಶಾಖಕ್ಕೆ ಫಾರ್ಮಲಿನ್ ಹೆಣಿಗೆ ಬಿಡುತ್ತೆ ಅನ್ನೋ ಸುಳಿವು ಶಿ ಅವರಿಗೆ ಸಿಕ್ಕಿತ್ತು. ಅವರು ಮೈಕ್ರೋವೇವ್ ಬಳಸಿದ್ರು. ಆಮೇಲೆ ಎಷ್ಟೋ ಲ್ಯಾಬುಗಳಿಗೆ ಪ್ರೆಷರ್ ಕುಕ್ಕರೇ ಬಂತು. ಹೌದು, ಅನ್ನ-ಬೇಳೆ ಬೇಯಿಸೋ ಅದೇ ಕುಕ್ಕರ್.

ಇಡೀ ಕ್ರಮ ಹೀಗಿದೆ. ಮೇಣದ ಬಿಲ್ಲೆಯಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು-ನಾಲ್ಕು ಪಾಲು ದಪ್ಪದ ಪದರ ಕೊಯ್ದು ಗಾಜಿನ ಮೇಲೆ ಅಂಟಿಸ್ತಾರೆ. ಮೇಣ ಕರಗಿಸ್ತಾರೆ, ಕುದಿಸ್ತಾರೆ. ಇಆರ್ ಹಿಡಿಯೋ ಆಂಟಿಬಾಡಿ ಹನಿಸ್ತಾರೆ, ಕಾಯ್ತಾರೆ, ತೊಳೀತಾರೆ. ಮೊದಲ ಆಂಟಿಬಾಡಿಯನ್ನ ಹಿಡಿಯೋ ಎರಡನೇ ಆಂಟಿಬಾಡಿ ಹಾಕ್ತಾರೆ, ಅದರ ಬೆನ್ನಿಗೆ ಒಂದು ಕಿಣ್ವ ಇರುತ್ತೆ. ಕೊನೆಗೆ ಹಾಕೋ ರಾಸಾಯನಿಕವನ್ನ ಆ ಕಿಣ್ವ ಕಂದು ಬಣ್ಣಕ್ಕೆ ತಿರುಗಿಸುತ್ತೆ. ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಕೋಶದ ನಡುವಿನ ಬೀಜಭಾಗ ಮಾತ್ರ ಕಂದು. ನೀರುಗಂಟಿ ತೂಬಿನ ಹತ್ತಿರಾನೇ ಇದ್ದಾನೆ ಅಂತ ಅರ್ಥ.

ಹಳೇ ವಿಕಿರಣಶೀಲ ಪರೀಕ್ಷೆಗಿಂತ ಈ ಕಂದು ಬಣ್ಣವೇ ಚಿಕಿತ್ಸೆಯ ಫಲಿತಾಂಶವನ್ನ ಚೆನ್ನಾಗಿ ಮುನ್ಸೂಚಿಸುತ್ತೆ ಅಂತ 1999ರ ದೊಡ್ಡ ಅಧ್ಯಯನವೊಂದು ತೋರಿಸ್ತು. ಇದರ ಬೆಲೆ ನಮ್ಮಂಥ ಊರುಗಳಿಗೆ ಗೊತ್ತು. ಮೇಣದ ಬಿಲ್ಲೆಗೆ ಐಸ್ ಬೇಡ, ಕರೆಂಟ್ ಬೇಡ. ಬ್ಯಾಗಲ್ಲಿ ಹಾಕ್ಕೊಂಡು ರೈಲು ಹತ್ತಬಹುದು. ಚೂರು ರಾಯಚೂರಲ್ಲಿ ತೆಗೆದದ್ದಾದ್ರೂ ಪರೀಕ್ಷೆ ಬೆಂಗಳೂರಲ್ಲಿ ಆಗಬಹುದು. 1973ರಲ್ಲಿ ಶುರುವಾದ ಕಿದ್ವಾಯಿ ಗಂಥಿ ಸಂಸ್ಥೆಗೆ ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಹೋದವರ ಚೀಲಗಳಲ್ಲಿ ಇಂಥ ಬಿಲ್ಲೆಗಳು ಎಷ್ಟು ಪ್ರಯಾಣ ಮಾಡಿರಬಹುದು, ಯೋಚಿಸಿ.

ಬಣ್ಣ ಬರದೇ ಹೋದಾಗ

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಮುಗಿಯಲಿಲ್ಲ.

ಕೆನಡಾದಲ್ಲಿ ನ್ಯೂಫೌಂಡ್‌ಲ್ಯಾಂಡ್ ಅನ್ನೋ ಪ್ರಾಂತ್ಯ ಇದೆ. 2005ರಲ್ಲಿ ಅಲ್ಲಿ ಒಬ್ಬ ರೋಗಿಯ ಇಆರ್ ಪರೀಕ್ಷೆಯನ್ನ ಮತ್ತೊಮ್ಮೆ ಮಾಡಿದ್ರು. ಮೊದಲು ‘ಇಲ್ಲ’ ಅಂದಿದ್ದ ರಿಪೋರ್ಟು ಈಗ ‘ಇದೆ’ ಅಂತು. ಹಳೇ ಬಿಲ್ಲೆಗಳನ್ನ ಹೊರತೆಗೆದ್ರು. 1997ರಿಂದ 2005ರವರೆಗಿನ ಪರೀಕ್ಷೆಗಳಲ್ಲಿ 380ಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ತಪ್ಪಾಗಿತ್ತು. ಅವರಲ್ಲಿ ನೂರಕ್ಕೂ ಹೆಚ್ಚು ಜನ ಅಷ್ಟರಲ್ಲಿ ತೀರಿಕೊಂಡಿದ್ರು. ಮಾತ್ರೆ ಸಿಕ್ಕಿದ್ರೆ ಅವರಲ್ಲಿ ಯಾರು ಉಳೀತಿದ್ರು ಅಂತ ಒಬ್ಬೊಬ್ಬರ ವಿಷಯದಲ್ಲಿ ಯಾರಿಗೂ ಹೇಳೋಕಾಗಲ್ಲ. ಆ ನೋವು ಅಲ್ಲಿನ ಮನೆಗಳಲ್ಲಿ ಉಳಿದುಹೋಯ್ತು.

ನ್ಯಾಯಾಧೀಶೆ ಮಾರ್ಗರೆಟ್ ಕ್ಯಾಮರನ್ ವಿಚಾರಣೆ ನಡೆಸಿ 2009ರಲ್ಲಿ ವರದಿ ಕೊಟ್ರು. ಯಾರೋ ಒಬ್ಬ ಖಳನಾಯಕ ಅದರಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಸಣ್ಣ ಸಣ್ಣ ಉದಾಸೀನಗಳ ಸರಪಳಿ: ಗುಣಮಟ್ಟದ ತಪಾಸಣೆ ಇರಲಿಲ್ಲ, ತರಬೇತಿ ಸಾಲದಾಗಿತ್ತು, ಕೇಳೋರು ಇರಲಿಲ್ಲ.

ಮರುವರ್ಷ, 2010ರಲ್ಲಿ, ಅಮೆರಿಕದ ಕ್ಯಾನ್ಸರ್ ತಜ್ಞರು ಮತ್ತು ಪೆಥಾಲಜಿಸ್ಟ್‌ಗಳ ಸಂಘಗಳು ಸೇರಿ ನಿಯಮ ಹೊರಡಿಸಿದವು. ಜಗತ್ತಿನಾದ್ಯಂತ ಇಂಥ ಪರೀಕ್ಷೆಗಳಲ್ಲಿ ಶೇ 20ರಷ್ಟು ತಪ್ಪಿರಬಹುದು ಅಂತ ಅವು ಎಚ್ಚರಿಸಿದವು. ಚೂರು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಿ. ಕನಿಷ್ಠ ಆರು ಗಂಟೆ ಅದರಲ್ಲಿರಲಿ, ದಿನಗಟ್ಟಲೆ ಬಿಡಬೇಡಿ. ಪ್ರತಿ ಸಲ ಪರೀಕ್ಷೆ ಮಾಡುವಾಗ ‘ಇದೆ’ ಅಂತ ಮೊದಲೇ ಗೊತ್ತಿರೋ ಒಂದು ಚೂರು, ‘ಇಲ್ಲ’ ಅಂತ ಗೊತ್ತಿರೋ ಒಂದು ಚೂರು ಜೊತೆಗಿರಲಿ. ಇವಕ್ಕೆ ‘ಕಂಟ್ರೋಲ್’ ಅಂತಾರೆ. ನೂರು ಕೋಶಗಳಲ್ಲಿ ಒಂದು ಕಂದಾದ್ರೂ ಅದನ್ನ ‘ಇದೆ’ ಅಂತಾನೇ ಎಣಿಸಿ ಅಂದವು.

ಕಂಟ್ರೋಲ್ ಅಂದ್ರೆ ಏನು ಅನ್ನೋದಕ್ಕೆ ನಮ್ಮ ಸಂತೆಯಲ್ಲೇ ಉದಾಹರಣೆ ಇದೆ. ತಕ್ಕಡಿ ಮೇಲೆ ಮಾಲು ಇಡೋ ಮೊದಲು ಖಾಲಿ ತಟ್ಟೆಗಳು ಸಮ ನಿಂತಿವೆಯಾ ಅಂತ ನೋಡ್ತೀವಲ್ಲ, ಅದೇ. ತಕ್ಕಡಿಯನ್ನ ನೋಡದೆ ತೂಕವನ್ನ ನಂಬಿದ್ರೆ ಮೋಸ ಹೋಗೋದು ನಾವೇ.

ಜಕ್ಕೂರಿನ ಲ್ಯಾಬಲ್ಲಿ

ಆಸ್ಪತ್ರೆಯ ಕಥೆ ಇದಾದ್ರೆ, ಸಂಶೋಧನೆಯ ಲ್ಯಾಬಲ್ಲೂ ಆಂಟಿಬಾಡಿಯೇ ಕಣ್ಣು. ಅದಕ್ಕೆ ಕರ್ನಾಟಕದ್ದೇ ಉದಾಹರಣೆ ಕೊಡ್ತೀನಿ.

ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿ ತಪಸ್ ಕುಂಡು ಅವರ ತಂಡ ಜೀನ್‌ಗಳು ಆನ್-ಆಫ್ ಆಗೋ ಬಗೆಯನ್ನ ವರ್ಷಗಟ್ಟಲೆ ಅಧ್ಯಯನ ಮಾಡ್ತು. ಅವರು ಹಿಂಬಾಲಿಸಿದ ಪ್ರೋಟೀನ್‌ಗಳಲ್ಲಿ ಒಂದರ ಹೆಸರು ಎನ್‌ಪಿಎಂ1. ಡಿಎನ್‌ಎ ನಮ್ಮ ಕೋಶದೊಳಗೆ ಬಿಡಿಯಾಗಿ ಬಿದ್ದಿರಲ್ಲ, ಹಿಸ್ಟೋನ್ ಅನ್ನೋ ಉಂಡೆಗಳಿಗೆ ನೂಲಿನ ಹಾಗೆ ಸುತ್ತಿಕೊಂಡಿರುತ್ತೆ. ಜೀನ್ ಓದಬೇಕಾದ್ರೆ ಆ ಸುತ್ತು ಸಡಿಲ ಆಗಬೇಕು. ಅದಕ್ಕೆ ಕೈ ಹಾಕೋ ಪ್ರೋಟೀನ್‌ಗಳಲ್ಲಿ ಎನ್‌ಪಿಎಂ1 ಒಂದು ಅಂತ ಈ ತಂಡ 2005ರಲ್ಲಿ ತೋರಿಸಿತ್ತು.

ಈ ಪ್ರೋಟೀನ್‌ಗೆ ಎರಡು ವೇಷ. ಸಾಮಾನ್ಯವಾಗಿ ಅದು ಕೋಶದ ಬೀಜಭಾಗದೊಳಗಿನ ಒಂದು ಮೂಲೆಯಲ್ಲಿ, ನ್ಯೂಕ್ಲಿಯೋಲಸ್‌ನಲ್ಲಿ ಇರುತ್ತೆ. ಪಿ300 ಅನ್ನೋ ಕಿಣ್ವ ಅದಕ್ಕೆ ಅಸಿಟೈಲ್ ಅನ್ನೋ ಪುಟ್ಟ ರಾಸಾಯನಿಕ ಬೊಟ್ಟು ಇಡುತ್ತೆ. ಸರ್ಟ್1 ಅನ್ನೋ ಇನ್ನೊಂದು ಕಿಣ್ವ ಆ ಬೊಟ್ಟು ಅಳಿಸುತ್ತೆ. ಹಾಗಾದ್ರೆ ಬೊಟ್ಟು ಇಟ್ಟುಕೊಂಡ ಎನ್‌ಪಿಎಂ1 ಎಲ್ಲಿ ಇರುತ್ತೆ, ಏನು ಮಾಡುತ್ತೆ? ಎರಡೂ ಒಂದೇ ಪ್ರೋಟೀನ್, ವ್ಯತ್ಯಾಸ ಒಂದು ಚುಕ್ಕೆಯಷ್ಟು. ಅದನ್ನ ಬೇರೆ ಮಾಡಿ ನೋಡೋಕೆ ಬೊಟ್ಟು ಇದ್ದ ರೂಪವನ್ನ ಮಾತ್ರ ಹಿಡಿಯೋ ಆಂಟಿಬಾಡಿ ಬೇಕು.

ಅಂಥ ಆಂಟಿಬಾಡಿ ಬಳಸಿ 2009ರಲ್ಲಿ ಈ ತಂಡ ಫಲಿತಾಂಶ ಪ್ರಕಟಿಸ್ತು. ಬೊಟ್ಟು ಇರೋ ಎನ್‌ಪಿಎಂ1 ಮೂಲೆ ಬಿಟ್ಟು ಹೊರಗೆ ಬಂದಿತ್ತು. ಜೀನ್‌ಗಳನ್ನ ಓದೋ ಯಂತ್ರದ, ಅಂದ್ರೆ ಆರ್‌ಎನ್‌ಎ ಪಾಲಿಮರೇಸ್‌ನ ಜೊತೆಯಲ್ಲೇ ಕಾಣಿಸ್ತು. ಬಾಯಿ ಕ್ಯಾನ್ಸರಿನ ರೋಗಿಗಳ ಚೂರುಗಳಲ್ಲಿ ಅದರ ಪ್ರಮಾಣ ಹೆಚ್ಚಿತ್ತು. ಆ ಕ್ಯಾನ್ಸರಿಗೆ ಸಂಬಂಧಪಟ್ಟ ಜೀನ್‌ಗಳನ್ನ ಆನ್ ಮಾಡೋದರಲ್ಲಿ ಅದರ ಕೈವಾಡವೂ ಕಂಡಿತು. ಗುಟ್ಕಾ, ತಂಬಾಕು ಬಾಯಲ್ಲಿಟ್ಟುಕೊಂಡೇ ದಿನ ಕಳೆಯೋರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ ಅಂತ ನಿಮಗೆ ಹೇಳಬೇಕಿಲ್ಲ. ಅವರ ಬಾಯೊಳಗೆ ಜೀನ್‌ಗಳ ಮಟ್ಟದಲ್ಲಿ ಏನಾಗುತ್ತೆ ಅನ್ನೋದನ್ನ ನೋಡಿದ ಒಂದು ಕಣ್ಣು ನಮ್ಮ ಜಕ್ಕೂರಿನಲ್ಲಿತ್ತು.

ಗಮನಿಸಿ, ಇಲ್ಲಿ ಪೂರ್ತಿ ತೀರ್ಮಾನ ಆಂಟಿಬಾಡಿಯ ಪ್ರಾಮಾಣಿಕತೆ ಮೇಲೆ ನಿಂತಿದೆ. ಹಾಗಾಗಿ ಇಂಥ ಆಂಟಿಬಾಡಿಗಳಿಗೆ ಲ್ಯಾಬುಗಳಲ್ಲಿ ಮೊದಲು ಪರೀಕ್ಷೆ ಇಡ್ತಾರೆ: ಬೊಟ್ಟು ಇರೋ ಚೂರನ್ನ ಕೊಟ್ಟಾಗ ಹಿಡೀತಾ? ಬೊಟ್ಟು ಇಲ್ಲದ್ದನ್ನ ಕೊಟ್ಟಾಗ ಸುಮ್ಮನಿತ್ತಾ? ಎರಡಕ್ಕೂ ಹೌದು ಅಂದ್ರೇನೇ ಮುಂದಿನ ಹೆಜ್ಜೆ.

ಇಲ್ಲದ್ದನ್ನ ಕಂಡ 20 ವರ್ಷ

ಈ ಪರೀಕ್ಷೆ ಸರಿಯಾಗಿ ಆಗದಿದ್ರೆ ಏನಾಗುತ್ತೆ ಅನ್ನೋದಕ್ಕೆ ಮತ್ತೆ ಇಆರ್ ಮನೆತನಕ್ಕೇ ಹೋಗೋಣ.

1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇಆರ್‌ಗೆ ಒಬ್ಬ ತಮ್ಮ ಇದ್ದಾನೆ ಅಂತ ಕಂಡುಹಿಡಿದ್ರು. ಅಣ್ಣನಿಗೆ ಆಲ್ಫಾ ಅಂತ, ತಮ್ಮನಿಗೆ ಬೀಟಾ ಅಂತ ಹೆಸರಾಯ್ತು. ಕಂಪನಿಗಳು ಬೀಟಾ ಹಿಡಿಯೋ ಆಂಟಿಬಾಡಿಗಳನ್ನ ಮಾರುಕಟ್ಟೆಗೆ ಬಿಟ್ಟವು. ಸ್ತನದ ಗಡ್ಡೆಯಲ್ಲಿ ಬೀಟಾ ಇದೆ ಅಂತ ಪ್ರಬಂಧಗಳ ಮೇಲೆ ಪ್ರಬಂಧ ಬಂದವು. ಒಬ್ಬರು ಒಂದು ಹೇಳಿದ್ರೆ ಇನ್ನೊಬ್ಬರು ಅದಕ್ಕೆ ವಿರುದ್ಧ ಹೇಳಿದ್ರು.

2017ರಲ್ಲಿ ಸ್ವೀಡನ್ನಿನದೇ ಒಂದು ತಂಡ ಹೀಗೆ ಬಳಕೆಯಲ್ಲಿದ್ದ 13 ಆಂಟಿಬಾಡಿಗಳನ್ನ ಸಾಲಾಗಿ ನಿಲ್ಲಿಸಿ ಕಟ್ಟುನಿಟ್ಟಾಗಿ ಪರೀಕ್ಷಿಸ್ತು. ಬೀಟಾವನ್ನ ಮಾತ್ರ ನಂಬಿಕೆಯಿಂದ ಹಿಡಿದದ್ದು ಒಂದೇ ಒಂದು. ಆ ಒಂದರ ಕಣ್ಣಿಂದ ನೋಡಿದಾಗ ಸಾಮಾನ್ಯ ಸ್ತನದಲ್ಲೂ ಇರಲಿಲ್ಲ, ಸ್ತನದ ಕ್ಯಾನ್ಸರಿನಲ್ಲೂ ಬೀಟಾ ಕಾಣಲಿಲ್ಲ. ವೃಷಣ, ಅಂಡಾಶಯದಂಥ ಕೆಲವೇ ಕಡೆ ಕಂಡಿತು. ಅಂದ್ರೆ 20 ವರ್ಷ ಎಷ್ಟೋ ಜನ ನೋಡಿದ ಕಂದು ಬಣ್ಣ ಬೇರೆ ಯಾವುದೋ ಪ್ರೋಟೀನಿನದ್ದು. ಎಷ್ಟು ಸಂಬಳ, ಎಷ್ಟು ಪಿಎಚ್‌ಡಿ ವರ್ಷಗಳು, ರೋಗಿಗಳು ನಂಬಿ ಕೊಟ್ಟ ಎಷ್ಟು ಚೂರುಗಳು!

ಈಗ ಸುಧಾರಣೆ ಆಗ್ತಿದೆ. ಕ್ರಿಸ್ಪರ್ ಅನ್ನೋ ವಿಧಾನದಿಂದ ಒಂದು ಜೀನನ್ನೇ ಕೋಶದಿಂದ ತೆಗೆದುಹಾಕಬಹುದು. ಜೀನ್ ಇಲ್ಲ ಅಂದ್ರೆ ಪ್ರೋಟೀನ್ ಇಲ್ಲ. ಆ ಕೋಶದಲ್ಲೂ ಆಂಟಿಬಾಡಿ ಬಣ್ಣ ತೋರಿಸಿದ್ರೆ ಸಾಕ್ಷಿ ಸುಳ್ಳು ಅಂತ ಗೊತ್ತಾಯ್ತು. ಕೆನಡಾದಿಂದ ನಡೆಯೋ ವೈಕಾರೋಸ್ ಅನ್ನೋ ಯೋಜನೆ 65 ಪ್ರೋಟೀನ್‌ಗಳಿಗೆ ಮಾರಾಟವಾಗ್ತಿದ್ದ 614 ಆಂಟಿಬಾಡಿಗಳನ್ನ ಹೀಗೆ ಪರೀಕ್ಷಿಸಿ ಫಲಿತಾಂಶವನ್ನ ಎಲ್ಲರಿಗೂ ತೆರೆದಿಟ್ಟಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದಲ್ಲ ಒಂದು ಬಳಕೆಯಲ್ಲಿ ಫೇಲಾದವು. ಒಳ್ಳೇ ಸುದ್ದಿ ಅಂದ್ರೆ ಆಂಟಿಬಾಡಿ ಮಾರೋ ಕಂಪನಿಗಳೂ ಈ ಕೆಲಸಕ್ಕೆ ಕೈಜೋಡಿಸಿದವು, ಕೆಟ್ಟವನ್ನ ಮಾರುಕಟ್ಟೆಯಿಂದ ವಾಪಸ್ ತಗೊಂಡವು.

ಮತ್ತೆ ಮಟಮಾರಿ

ಈಗ ರೈಲಿಗೆ ವಾಪಸ್ ಬರೋಣ. ಹುಡುಗನ ಬ್ಯಾಗಲ್ಲಿ ಬಿಲ್ಲೆ ಇದೆ. ಒಂದು ಸಮಾಧಾನದ ಮಾತು ಮೊದಲೇ ಹೇಳ್ತೀನಿ: ಆಸ್ಪತ್ರೆಗಳಲ್ಲಿ ಬಳಸೋ ಇಆರ್ ಆಲ್ಫಾ ಆಂಟಿಬಾಡಿಗಳು ದಶಕಗಳ ಕಾಲ ರೋಗಿಗಳ ಫಲಿತಾಂಶದ ಜೊತೆ ತಾಳೆ ನೋಡಿ ಗಟ್ಟಿಯಾದ ಸಾಕ್ಷಿಗಳು. ಬೀಟಾದ ಕಥೆ ಕೇಳಿ ಪರೀಕ್ಷೆಯೇ ಬೇಡ ಅನ್ಕೋಬೇಡಿ. ಆದ್ರೆ ಒಳ್ಳೇ ಸಾಕ್ಷಿಯೂ ಕೆಟ್ಟ ಚೂರಿನ ಮುಂದೆ ತಪ್ಪು ಹೇಳುತ್ತೆ ಅನ್ನೋದು ನ್ಯೂಫೌಂಡ್‌ಲ್ಯಾಂಡ್ ಕಲಿಸಿದ ಪಾಠ.

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಇಂಥ ಪರೀಕ್ಷೆ ಆದ್ರೆ ನೀವು ಮಾಡಬಹುದಾದ ನಾಲ್ಕು ಕೆಲಸ ಇವೆ. ಬಯಾಪ್ಸಿ ಆದ ತಕ್ಷಣ ಚೂರು ಫಾರ್ಮಲಿನ್‌ಗೆ ಹೋಯ್ತಾ ಅಂತ ಗೌರವದಿಂದ ಕೇಳಿ. ಬೇರೆ ಊರಿಗೆ ಹೋಗೋದಿದ್ರೆ ರಿಪೋರ್ಟಿನ ಜೊತೆ ಬ್ಲಾಕನ್ನೂ ಕೇಳಿ ತಗೊಳ್ಳಿ. ಅದನ್ನ ಬಿಸಿಲಲ್ಲಿ, ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ, ಮೇಣ ಕರಗುತ್ತೆ. ಕೊನೆಯದು, ರಿಪೋರ್ಟಿನಲ್ಲಿ ಎಷ್ಟು ಶೇಕಡಾ ಕೋಶಗಳಿಗೆ ಬಣ್ಣ ಬಂತು ಅಂತ ಬರೆದಿದೆಯಾ, ಕಂಟ್ರೋಲ್ ಸರಿ ಬಂತಾ ಅಂತ ಡಾಕ್ಟರ್ ಹತ್ರ ಕೇಳಿ. ಫಲಿತಾಂಶ ಅನುಮಾನ ಅನ್ನಿಸಿದ್ರೆ ಅದೇ ಬ್ಲಾಕ್‌ನಿಂದ ಇನ್ನೊಂದು ಪದರ ಕೊಯ್ದು ಮತ್ತೆ ಪರೀಕ್ಷೆ ಮಾಡಬಹುದು. ನ್ಯೂಫೌಂಡ್‌ಲ್ಯಾಂಡಿನ ತಪ್ಪು ಹೊರಬಂದದ್ದೇ ಹಾಗೆ: ಹಳೇ ಬಿಲ್ಲೆಗಳನ್ನ ಯಾರೂ ಎಸೆದಿರಲಿಲ್ಲ.

‘ಇದರಾಗ ಏನದ ಯಪ್ಪಾ?’ ಅಂತ ಅವ್ವ ಕೇಳಿದ್ರೆ, ಹುಡುಗ ಹೀಗೆ ಹೇಳಬಹುದು: ‘ನಿನ್ನ ಗಂಟಿನ ಚೂರು ಅದವ್ವ. ಅದಕ್ಕ ಯಾವ ಔಷಧಿ ನಾಟ್ತದ ಅಂತ ಬೆಂಗಳೂರಾಗ ಕೇಳ್ತಾರ.’ ಅಷ್ಟು ಸಾಕು. ಕುದುರೆಯ ರಕ್ತ, ಇಲಿಯ ಗುಲ್ಮ, ಮಿಷಿಗನ್ನಿನ ಸನ್ಯಾಸಿನಿ, ಅಡುಗೆಮನೆಯ ಕುಕ್ಕರ್ ಎಲ್ಲವೂ ಆ ಒಂದು ಮಾತಿನೊಳಗೆ ಇವೆ.

ಈ ಸಂಚಿಕೆ ಇಷ್ಟ ಆದ್ರೆ ಮನೆಯವರಿಗೂ ಕೇಳಿಸಿ. ಅವ್ವನಿಗೆ, ಅಕ್ಕನಿಗೆ, ಚಿಕ್ಕಮ್ಮನಿಗೆ ಮೊದಲು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ರೆ ನಾಚಿಕೊಂಡು ಮುಚ್ಚಿಡಬೇಡಿ ಅಂತ ಹೇಳಿ.